ಕೊಡೆ ಹುಡುಗಿಯ ಕೊನೆಯ ಕಂತು

ನಮ್ಮ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಕೆಟ್ಟ ಸುದ್ದಿ ಹೇಳುವಂತಿಲ್ಲ. ಅಜ್ಜಿ ಶಿವಬಸಮ್ಮ ಸೊಸೆಯಾಗಿ ಬಂದ ಕಾಲಕ್ಕೆ ಅವಳ ಅತ್ತೆ ಹಾಕಿದ ಕಟ್ಟಂತೆ ಇದು. ದೇವರ ಮನೆಯ ದೀಪ ಉರಿಯುತ್ತಿರುವಾಗ ಸಾವು, ನಷ್ಟ, ಜಗಳ ಯಾವುದನ್ನೂ ಬಾಯಿಬಿಟ್ಟು ಆಡಬಾರದು; ಏನಿದ್ದರೂ ಬೆಳಗಾಗಲಿ. ಒಮ್ಮೆ ರಾಯದುರ್ಗದಿಂದ ಸಾವಿನ ಸುದ್ದಿ ಹೊತ್ತು ಬಂದ ನೆಂಟನೊಬ್ಬನನ್ನು ಅಜ್ಜಿ ಹೊಸಿಲಲ್ಲೇ ತಡೆದು, "ಮುಖ ನೋಡಿದ್ರೇ ಗೊತ್ತಾಗ್ತೈತೆ ಕಣಪ್ಪ. ಬಾ, ಊಟ ಮಾಡು, ಮಲಕ್ಕೋ. ಬೆಳಿಗ್ಗೆ ಅಳಾಣ" ಎಂದಿದ್ದಳು. ಆತ ಮುದ್ದೆ ಉಂಡು ಮಲಗಿದ. ಬೆಳಿಗ್ಗೆ ಎದ್ದು ಎಲ್ಲರೂ ಒಟ್ಟಿಗೆ ಕೂತು ಅತ್ತೆವು.

ಈ ಕಟ್ಟಿನಿಂದಾಗಿ ನಮ್ಮ ಸಂಜೆಗಳೇನೋ ಹಿತವಾಗಿದ್ದವು. ತೊಂದರೆ ಇದ್ದದ್ದು ಬೆಳಗಿನದು. ಅಪ್ಪ ತೋಟಪ್ಪನಿಗೆ ಎಣ್ಣೆ ಮಿಲ್ಲಿಗೆ ಹೊರಡುವ ಆತುರ, ಅವ್ವನಿಗೆ ರೊಟ್ಟಿ ಬಡಿಯುವ ಆತುರ, ನಲ್ಲಿಯಲ್ಲಿ ನೀರು ಬರುವ ದಿನವಾದರೆ ನನಗೆ ಕೊಡ ಹಿಡಿಯುವ ಆತುರ. ಸಂಜೆ ಆಡಬಾರದ ಮಾತು ಬೆಳಿಗ್ಗೆ ಆಡಲು ಪುರುಸೊತ್ತಿಲ್ಲದೆ ವಾರಗಟ್ಟಲೆ ಮನೆಯಲ್ಲೇ ಉಳಿದುಬಿಡುತ್ತಿತ್ತು. ವಾಣಿಶ್ರೀಗೆ ಹೇಳಬೇಕಾಗಿದ್ದ ಮಾತೂ ಹಾಗೇ ಉಳಿದುಕೊಂಡಿತು.

ವಾಣಿ ಜ್ಯೋತಿ ಅತ್ತೆಯ ಮಗಳು. ಜ್ಯೋತಿಲಕ್ಷ್ಮಿ ನಮ್ಮಪ್ಪನ ತಂಗಿ. ಅವಳನ್ನು ಮೊಳಕಾಲ್ಮೂರಿಗೆ ಕೊಟ್ಟಿತ್ತು. ಎರಡು ಸಾವಿರದ ಮೂರರ ಬೇಸಿಗೆ ರಜೆಗೆ ತಾಯಿ ಮಗಳು ಚಳ್ಳಕೆರೆಗೆ ಬಂದವರು ಜೂನ್ ಬಂದರೂ ಹಿಂತಿರುಗಲಿಲ್ಲ. ಅತ್ತೆಯ ಗಂಡ ಶಶಿಕಾಂತ್ ಮಾವ ರೇಷ್ಮೆ ಸೀರೆ ನೇಯಿಸಿ ಮಾರುವವನು. ಅವನು ಬೇರೊಬ್ಬಳ ಜೊತೆ ಬೇರೆ ಮನೆ ಮಾಡಿದ್ದ, ಅದೂ ಅದೇ ಊರಲ್ಲಿ, ಎರಡು ಬೀದಿ ಆಚೆ. ವಾಣಿಗೆ ಮಾತ್ರ, "ನಿಮ್ಮಪ್ಪ ಜರಿ ತರಾಕೆ ಸೂರತ್ತಿಗೆ ಹೋಗವ್ನೆ" ಎಂದು ಹೇಳಿತ್ತು. ಹೇಳಿದವನು ನಮ್ಮಪ್ಪ. ಆ ಗಳಿಗೆಗೆ ಬಾಯಿಗೆ ಬಂದ ದೂರದ ಊರು ಅದು. ಹುಡುಗಿಯನ್ನು ತಾತ್ಕಾಲಿಕ ಎಂದುಕೊಂಡು ಇಲ್ಲಿಯ ಶಾಲೆಯಲ್ಲೇ ಆರನೆಯ ತರಗತಿಗೆ ಕೂರಿಸಿದೆವು.

ಆಗ ಕೇಬಲ್‌ನಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಜಪಾನಿ ಕಾರ್ಟೂನ್ ಬರುತ್ತಿತ್ತು. ಮಾತೆಲ್ಲ ಹಿಂದಿಯಲ್ಲಿ. ಸುಯೋ ಎಂಬ ಹುಡುಗಿ, ಅವಳಿಗೊಂದು ಹಳದಿ ಕೊಡೆ. ಬಿಚ್ಚಿ ತಲೆಕೆಳಗು ಮಾಡಿದರೆ ಅದು ದೋಣಿ, ಎತ್ತಿ ಹಿಡಿದರೆ ಗಾಳಿಪಟ. ಗಾಳಿ ಹಿಡಿದು ತರುತ್ತೇನೆಂದು ಹೋಗಿ ಮರಳದ ಅಪ್ಪನನ್ನು ಹುಡುಕಿಕೊಂಡು ಅವಳು ಮೋಡಗಳ ನಡುವಿನ ದ್ವೀಪದಿಂದ ದ್ವೀಪಕ್ಕೆ ತೇಲುತ್ತಿದ್ದಳು. ಜೊತೆಗೊಂದು ಮುದಿ ಕೊಕ್ಕರೆ, ಮಾತಿಗೊಮ್ಮೆ ಸೀನುತ್ತಿತ್ತು. ಒಂದು ದ್ವೀಪದಲ್ಲಿ ಮರದ ತುಂಬ ಗಂಟೆಗಳು ಹಣ್ಣಿನಂತೆ ಬಿಟ್ಟಿರುತ್ತಿದ್ದವು, ಮಾಗಿದ್ದು ಮಾತ್ರ ಬಾರಿಸುತ್ತಿತ್ತು. ಇನ್ನೊಂದರಲ್ಲಿ ಜನ ತಮ್ಮ ನೆರಳನ್ನು ಒಗೆದು ಹಗ್ಗದ ಮೇಲೆ ಒಣಹಾಕುತ್ತಿದ್ದರು.

ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಿಸಿಲು ಇಳಿದ ಮೇಲೆ ಆಪರೇಷನ್ ಎಂದು ಮುಂದೂಡಿದ್ದೆವು. ಅವಳಿಗೆ ಟೀವಿಯೆಂದರೆ ಬಣ್ಣ ಬಣ್ಣದ ಮಂಜು. ಕನ್ನಡ, ತೆಲುಗು ಎರಡೂ ನಾಲಿಗೆಯ ಮೇಲೆ ಆಡುತ್ತಿದ್ದವು, ಆದರೆ ಹಿಂದಿ ಬಾರದು. ವಾಣಿ ಅವಳ ಮಗ್ಗುಲಲ್ಲಿ ಕೂತು ಕಂಡದ್ದನ್ನೆಲ್ಲ ಹೇಳುತ್ತ ಹೋಗುತ್ತಿದ್ದಳು. ಸುಯೋ ಅಜ್ಜಿಯ ಬಾಯಲ್ಲಿ ಸೂವವ್ವ ಆಗಿದ್ದಳು.

"ಈಗೆಲ್ಲವ್ಳೆ ಸೂವವ್ವ?"

"ನಿದ್ದೆ ಮಾರೋ ಊರಾಗೆ ಅಜ್ಜಿ. ಇಲ್ಲಿ ಜನ ನಿದ್ದೇನ ಜಾಡಿಗೆ ತುಂಬಿಟ್ಟಿರ್ತಾರೆ."

"ನನಗೊಂದು ಜಾಡಿ ತಗಳ್ಳಾಕೆ ಹೇಳು."

"ಇದ್ದಿದ್ದನ್ನ ಕೊಕ್ಕರೆ ಕದ್ದು ಕುಡೀತು. ಈಗ ಮಲ್ಕಂಡೇ ಹಾರ್ತೈತೆ."

"ಮೂದೇವಿ! ಗ್ವಾಡೆಗೆ ಬಡ್ಕಂಬ್ತೈತೆ ನೋಡು."

"ಬಡ್ಕಂಡ್ತು ಅಜ್ಜಿ!"

ಅವ್ವ ಶೇಂಗಾ ಸುಲಿಯುತ್ತ ಕೂತವಳು ಕೈ ನಿಲ್ಲಿಸಿಬಿಡುತ್ತಿದ್ದಳು. ಜ್ಯೋತಿ ಅತ್ತೆ ಅಡುಗೆ ಮನೆಯ ಬಾಗಿಲಿಗೆ ಒರಗಿ, ಹಿಟ್ಟಿನ ಕೈಯನ್ನು ಮುಂದೆ ಚಾಚಿಕೊಂಡೇ ನಿಲ್ಲುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ಅವಳು ಮೊದಲು ನಕ್ಕದ್ದು ಆ ಕೊಕ್ಕರೆಯ ಸೀನಿಗೇ. ಅಪ್ಪ ಪೇಪರಿನ ಹಿಂದಿನಿಂದ, "ಮಳೇನೇ ಇಲ್ದಿರೋ ಊರಾಗೆ ಕೊಡೆ ನೋಡ್ಕಂಡು ಕೂತೀರಲ್ಲ, ನಿಮಗೇನು ಕೆಲ್ಸಿಲ್ವಾ?" ಎನ್ನುತ್ತಿದ್ದ. ಆದರೆ ಮಿಲ್ಲಿನಿಂದ ತಡವಾಗಿ ಬಂದ ದಿನ ಅಂಗಿ ಬಿಚ್ಚುತ್ತ ಮೆಲ್ಲಗೆ ಕೇಳುತ್ತಿದ್ದ: "ಏ ಹುಡುಗಿ, ಆ ನೆರಳು ಕಳ್ಕಂಡೋನಿಗೆ ಮತ್ತೆ ಸಿಕ್ತಾ?"

ಆಷಾಢದ ಗಾಳಿ ಎದ್ದಿತ್ತು. ಕಿಟಕಿಯಲ್ಲಿ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ, ಸಂತೆಮೈದಾನದ ಕುರಿಗಳ ಕೂಗು, ಕೆಂಧೂಳು. ಟೀವಿಯ ಬೆಳಕು ಗೋಡೆಯ ಮೇಲೆ ನೀಲಿ ಹಳದಿಯಾಗಿ ಓಡಾಡುವಾಗ, ನನಗೆ ನಮ್ಮ ಮನೆಯೇ ಒಂದು ದ್ವೀಪವಾಗಿ ಚಳ್ಳಕೆರೆಯ ಮೇಲೆ ಮೆತ್ತಗೆ ತೇಲುತ್ತಿರುವ ಹಾಗೆ ಅನಿಸುತ್ತಿತ್ತು. ಬಿ.ಎ. ಮುಗಿಸಿ ಮನೆಯಲ್ಲಿದ್ದ ನನಗೆ ದಿನಕ್ಕೊಂದು ಪುಟ ಬರೆಯುವ ಅಭ್ಯಾಸ. ಆ ದಿನಗಳಲ್ಲಿ ಬರೆದದ್ದೆಲ್ಲ ಬರೀ ಮೋಡ.

ಒಂದು ಭಾನುವಾರ ಮಧ್ಯಾಹ್ನ ಅವ್ವ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ವಾಣಿ ಎರಡನೆಯ ಸಲ ಹಾಕಿಸಿಕೊಂಡು, "ನಮ್ಮಪ್ಪಂಗೆ ಇದಂದ್ರೆ ಪ್ರಾಣ. ಸೂರತ್ತಿನಾಗೆ ಸಿಗ್ತೈತಾ ಮಾವ?" ಎಂದಳು.

ಅಪ್ಪ ಮುದ್ದೆ ಮುರಿಯುತ್ತ, "ಸಿಗಲ್ಲ" ಎಂದ.

"ಪಾಪ. ಏನು ಉಣ್ತಾನೋ."

ಅವಳು ಕೈತೊಳೆದು ಆಚೆ ಓಡಿದ ಮೇಲೆ ಅಡುಗೆ ಮನೆಯಲ್ಲಿ ದನಿ ತಗ್ಗಿಸಿದ ಜಗಳ ಶುರುವಾಯಿತು.

"ಇನ್ನೆಷ್ಟು ದಿನ ರೀ ಈ ಸೂರತ್ತು?" ಎಂದಳು ಅವ್ವ.

"ಅದರ ತಾಯಿ ಇಲ್ಲೇ ಅವ್ಳಲ್ಲ, ಅವ್ಳೇ ಹೇಳ್ಲಿ" ಎಂದ ಅಪ್ಪ.

"ನನಗೆ ನಾಲಿಗೆ ಏಳಲ್ಲಣ್ಣ" ಎಂದಳು ಜ್ಯೋತಿ ಅತ್ತೆ. "ಬೆಳಿಗ್ಗೆ ಜಡೆ ಹಾಕೋವಾಗ ಹೇಳಾಣ ಅಂತೀನಿ. ಅಷ್ಟರಾಗೆ ಅದು ಸೂವವ್ವನ ಕತೆ ತೆಗೀತೈತೆ. ನಗ್ತಾ ಇಸ್ಕೂಲಿಗೆ ಹೋಗ್ಲಿ ಅನ್ಸ್ತೈತೆ."

"ಹನ್ನೆರಡು ವರ್ಷದ ಬಾಳೇವು ಮಣ್ಣುಪಾಲು ಮಾಡ್ದ, ನೀನಿನ್ನೂ ಮೆತ್ತಗೆ ಮಾತಾಡ್ತಿದೀಯ."

"ಹನ್ನೆರಡೂ ಮಣ್ಣಲ್ಲ ಬಿಡಣ್ಣ. ಹೋದ ವರ್ಷದ ದೀಪಾವಳಿ ತನಕ ಚೆನ್ನಾಗೇ ಇದ್ವಿ."

"ಚೆನ್ನಾಗಿದ್ದೋನು ಹಿಂಗೆ ಮಾಡ್ತಾನಾ? ಅವತ್ತಿಂದ್ಲೂ ಕಳ್ಳನೇ ಅವ್ನು. ನಿನಗೆ ಕಾಣ್ಲಿಲ್ಲ ಅಷ್ಟೇ. ಇನ್ಮ್ಯಾಲೆ ಈ ಮನ್ಯಾಗೆ ಅವನ ಹೆಸ್ರು ಬ್ಯಾಡ."

ಅಪ್ಪ ತಟ್ಟೆಯಲ್ಲಿ ಕೈತೊಳೆದು ಎದ್ದುಹೋದ. ಅತ್ತೆ ಆ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ನಡೆದಳು. ಅಂದಿನಿಂದ ಅವಳು ಹೆಸರು ಹೇಳುವುದಿರಲಿ, ಮೊಳಕಾಲ್ಮೂರು ಎಂಬ ಮಾತನ್ನೂ ಬಿಟ್ಟಳು. ಮಗಳು ಅಪ್ಪನ ಸುದ್ದಿ ತೆಗೆದರೆ, "ಹೂಂ" ಎಂದು ಬೇರೆ ಕೆಲಸಕ್ಕೆ ಏಳುತ್ತಿದ್ದಳು.

ಕೊಡೆ ಹುಡುಗಿಯ ಕೊನೆಯ ಕಂತು ಬಂದದ್ದು ಒಂದು ಶುಕ್ರವಾರ. ಬೆಳಗಿನಿಂದಲೇ ವಾಣಿ ಮನೆಯವರಿಗೆಲ್ಲ ಹುಕುಂ ಮಾಡಿದ್ದಳು. ಅವ್ವ ಅಡುಗೆ ಬೇಗ ಮುಗಿಸಬೇಕು, ಅಪ್ಪ ಪೇಪರು ಸರಸರ ಮಾಡಬಾರದು, ಕರೆಂಟು ಹೋಗದ ಹಾಗೆ ಅಜ್ಜಿ ದೇವರಿಗೆ ಕೈಮುಗಿಯಬೇಕು. ಅಜ್ಜಿ ದೀಪ ಹಚ್ಚಿ, ಹಣೆಗೆ ವಿಭೂತಿ ಇಟ್ಟುಕೊಂಡು, ಮದುವೆ ಮನೆಗೆ ಹೊರಟವಳಂತೆ ಸೆರಗು ಸರಿಮಾಡಿಕೊಂಡು ಬಂದು ಕೂತಳು. ಕರೆಂಟೂ ಹೋಗಲಿಲ್ಲ.

ಹೋಗಿದ್ದರೇ ಚೆನ್ನಾಗಿತ್ತು. ಅರ್ಧ ಕಂತು ಹಳೆಯ ದೃಶ್ಯಗಳೇ ಮತ್ತೆ ಬಂದವು. ಚಿತ್ರ ಬರೆಯುವವರಿಗೆ ಬೇಸರ ಬಂದಿತ್ತೋ ಏನೋ, ಮೋಡಗಳು ಚಲಿಸದೆ ನಿಂತಿದ್ದವು. ಕೊನೆಯ ದ್ವೀಪದಲ್ಲಿ ಮಂಜು. ಮಂಜಿನಲ್ಲಿ ಒಬ್ಬ ಗಂಡಸಿನ ಬೆನ್ನು. ಸುಯೋ ಕರೆದಳು, ಮತ್ತೆ ಕರೆದಳು. ಅವನು ತಿರುಗಲಿಲ್ಲ, ನಡೆದುಹೋದ. ಯಾಕೆ ಹೋದ, ಇಷ್ಟು ದಿನ ಎಲ್ಲಿದ್ದ, ಹಿಡಿದ ಗಾಳಿ ಏನಾಯಿತು, ಒಂದನ್ನೂ ಹೇಳಲಿಲ್ಲ. ಹಳದಿ ಕೊಡೆಯನ್ನು ನೆಲದ ಮೇಲೆ ಬಿಟ್ಟು ಅವಳು ನಿಂತಿದ್ದ ಹಾಗೇ ಹಾಡು ಬಂತು, ಹೆಸರುಗಳು ಬಂದವು, ಆಮೇಲೆ ಸೋಪಿನ ಜಾಹೀರಾತು.

ಅಜ್ಜಿ ವಾಣಿಯ ಕಡೆ ಕಿವಿ ತಿರುಗಿಸಿ, "ಯಾಕವ್ವ ಸುಮ್ನಾದೆ? ಏನಾತು?" ಎಂದಳು.

ವಾಣಿ ದೇವರ ಮನೆಯ ಕಡೆ ನೋಡಿದಳು. ದೀಪ ಉರಿಯುತ್ತಿತ್ತು.

"ಸಿಕ್ಬಿಟ್ಟ ಅಜ್ಜಿ" ಎಂದಳು. "ತಿರುಗಿ ನೋಡಿ ಓಡಿ ಬಂದ. ಎತ್ಕಂಡ. ಆಮ್ಯಾಲೆ ಇಬ್ರೂ ಕೊಡೆಯಾಗೆ ಕೂತ್ಕಂಡು ಊರಿಗೆ ಹೋದ್ರು. ಕೊಕ್ಕರೆ ಮುಂದೆ ಕೂತಿತ್ತು. ಊರಾಗೆ ಎಲ್ರೂ ಹೋಳಿಗೆ ಮಾಡಿದ್ರು."

"ಜಪಾನಿನಾಗೆ ಹೋಳಿಗೆ?"

"ಹಂಗೇ ಇತ್ತು, ಹೋಳಿಗೆ ತರ."

"ಒಳ್ಳೇದಾತು" ಎಂದಳು ಅಜ್ಜಿ. ನಾನು, ಅವ್ವ, ಅತ್ತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಪ್ಪ ಪೇಪರು ಎತ್ತಿ ಮುಖ ಮುಚ್ಚಿಕೊಂಡ.

ಬೆಳಿಗ್ಗೆ ಎಲ್ಲರೂ ಉಪ್ಪಿಟ್ಟಿಗೆ ಕೂತಾಗ ಅಜ್ಜಿ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ವಾಣಿ ಯೂನಿಫಾರಂ ಹಾಕಿಕೊಂಡಿದ್ದಳು.

"ಈಗ ಬೆಳಗಾಗೈತೆ. ಈಗ ಸರಿಯಾದ್ದು ಹೇಳವ್ವ."

"ಏನು ಅಜ್ಜಿ?"

"ಆ ಹುಡುಗಿ ಅಪ್ಪನ್ನ ಕೂಗಿದ್ಲು, ಯಾರೂ ಓ ಅನ್ಲಿಲ್ಲ. ಅಷ್ಟು ಹಿಂದಿ ನನಗೂ ಬರ್ತೈತೆ. ಕಣ್ಣಿಗೆ ಪೊರೆ ಬಂದೈತೆ, ಕಿವಿಗಲ್ಲ."

ವಾಣಿ ಹೇಳಿದಳು. ಹೇಳುತ್ತ ಹೇಳುತ್ತ ಕೊನೆಗೆ ತಟ್ಟೆ ತಳ್ಳಿದಳು. "ಸುಳ್ಳಿ ಆ ಸೂವವ್ವ! ಇಷ್ಟು ದಿನ ನೋಡಿದ್ದೇ ದಂಡ. ಇನ್ಮ್ಯಾಲೆ ನನಗೆ ಗಂಟೆ ಮರಾನೂ ಬ್ಯಾಡ, ಏನೂ ಬ್ಯಾಡ."

"ಅದಕ್ಯಾಕೆ ಹಂಗಂತೀಯ" ಎಂದಳು ಅವ್ವ. "ಉಪ್ಪಿಟ್ಟು ತಳ ಹತ್ತಿದ್ರೆ ಮ್ಯಾಲಿಂದು ತಿನ್ನಲ್ವಾ ನಾವು?"

"ತಳ ಹತ್ತಿದ ವಾಸ್ನೆ ಮ್ಯಾಲೂ ಬರ್ತೈತೆ ಅತ್ತೆಮ್ಮ. ಇವತ್ತಿನ ಉಪ್ಪಿಟ್ಟಿಗೂ ಬಂದೈತೆ."

ಅವ್ವ ಪಾತ್ರೆ ಮೂಸಿ ನೋಡಿದಳು.

"ಹುಡುಗಿ ಹೇಳೋದೇ ಸರಿ" ಎಂದ ಅಪ್ಪ. "ಎಣ್ಣೆ ತಳದಾಗೆ ಮುಗ್ಗಲು ಬಂದ್ರೆ ಡಬ್ಬಾನೇ ವಾಪಸ್ ಕಳಿಸ್ತಾರೆ. ಮ್ಯಾಲಿಂದು ಚೆನ್ನಾಗೈತೆ ಅಂತ ಯಾರಾದ್ರೂ ಇಟ್ಕಂಬ್ತಾರಾ? ಕೊನೆ ಕೆಟ್ಟ ಮ್ಯಾಲೆ ಎಲ್ಲಾ ಕೆಟ್ಟಂಗೇ."

"ನಾನು ಕಣ್ಣಿಲ್ದೋಳು" ಎಂದಳು ಅಜ್ಜಿ. "ಬ್ಯಾಸಿಗೆಯೆಲ್ಲ ಈ ಕೂಸಿನ ಕೈ ಹಿಡ್ಕಂಡು ಮೋಡದ ಮ್ಯಾಲೆ ಓಡಾಡೀನಿ. ಅದನ್ನ ವಾಪಸ್ ಕೊಡು ಅಂದ್ರೆ ಯಾರಿಗೆ ಕೊಡ್ಲೋ ತೋಟಪ್ಪ?"

"ಕಾರ್ಟೂನಿಗೆ ಇಷ್ಟೊಂದು ಮಾತಾ? ನಡಿಯಮ್ಮ, ಇಸ್ಕೂಲಿಗೆ ಹೊತ್ತಾತು."

ವಾಣಿ ಏಳಲಿಲ್ಲ. "ಮಾವ, ನಾನು ನಿನ್ನೆ ಸುಳ್ಳು ಹೇಳಿದ್ದು ದೀಪ ಹಚ್ಚಿತ್ತು ಅಂತ. ನೀನು ಸೂರತ್ತು ಅಂದಾಗ ಮಧ್ಯಾಹ್ನ ಆಗಿತ್ತಲ್ಲ?"

ಅಪ್ಪನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

"ಹಿಂದೆ ಸೂರತ್ತಿಗೆ ಹೋದಾಗ ದಿನಾ ಫೋನ್ ಮಾಡ್ತಿದ್ದ. ಅಪ್ಪ ಅಲ್ಲಿಲ್ಲ, ಅಲ್ವಾ?"

"ಇಸ್ಕೂಲಿಗೆ..."

"ಇವತ್ತು ಇಸ್ಕೂಲಿಲ್ಲ" ಎಂದಳು ಅಜ್ಜಿ. "ಜ್ಯೋತಿ, ಹೇಳು."

ಜ್ಯೋತಿ ಅತ್ತೆ ಒಲೆ ಆರಿಸಿ ಬಂದು ನೆಲದ ಮೇಲೆ ಕೂತಳು. ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ. ನಿಮ್ಮಪ್ಪ ಮೊಳಕಾಲ್ಮೂರಲ್ಲೇ ಇದ್ದಾನೆ. ಬೇರೆ ಮನೆ ಮಾಡಿದ್ದಾನೆ, ಬೇರೆಯವರ ಜೊತೆ. ನಾವು ಇನ್ನು ಇಲ್ಲೇ ಇರುವುದು.

ವಾಣಿ ಅಳಲಿಲ್ಲ. ಲೆಕ್ಕ ಬಾರದವಳಂತೆ ಹುಬ್ಬು ಗಂಟು ಹಾಕಿಕೊಂಡು ಕೇಳಿದಳು: "ಹಂಗಾದ್ರೆ ಮೊದಲಿಂದೆಲ್ಲ ಸುಳ್ಳಾ ಅಮ್ಮ? ಜಟಿಂಗ ರಾಮೇಶ್ವರಕ್ಕೆ ಹೋದಾಗ ಹೆಗಲ ಮ್ಯಾಲೆ ಕೂರಿಸ್ಕಂಡು ಬೆಟ್ಟ ಹತ್ತಿದ್ನಲ್ಲ, ಮ್ಯಾಲೆ ಹೋದ ಮ್ಯಾಲೆ, ನೋಡು, ಊರೆಲ್ಲ ನಿನ್ನ ಅಂಗೈಯಾಗೆ ಐತೆ ಅಂದಿದ್ನಲ್ಲ, ಅದೂ ಸುಳ್ಳಾ?"

ಅತ್ತೆ ಬಾಯಿ ತೆರೆದಳು. ಅಣ್ಣನ ಮುಖ ನೋಡಿದಳು.

"ಅವನ್ನೆಲ್ಲ ಮರ್ತುಬಿಡು" ಎಂದ ಅಪ್ಪ. ಗಟ್ಟಿಯಾಗಿ ಹೇಳಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ.

ಆಮೇಲಿನ ವಾರಗಳಲ್ಲಿ ನಮ್ಮ ಸಂಜೆಗಳು ಒಣಗಿದವು. ಅದೇ ಹೊತ್ತಿಗೆ ಹೊಸದೊಂದು ಕಾರ್ಟೂನ್ ಶುರುವಾಗಿತ್ತು. ಅದರಲ್ಲಿ ಸಮುದ್ರದ ತಳದ ಊರು, ಅಲ್ಲಿ ದೀಪಗಳೆಲ್ಲ ಮೀನು. ನಾನು ಒಬ್ಬಳೇ ಒಂದೆರಡು ದಿನ ನೋಡಿದೆ. ವಾಣಿಯನ್ನು ಕರೆದರೆ, "ಕೊನೆ ಏನಾಗ್ತೈತೆ ಹೇಳು, ಆಮ್ಯಾಲೆ ನೋಡ್ತೀನಿ" ಎನ್ನುವಳು. ಶಾಲೆಯಿಂದ ಬಂದವಳೇ ಕೇಳುವ ಮೊದಲೇ ಬೆಳ್ಳುಳ್ಳಿ ಸುಲಿಯುವಳು, ಅಕ್ಕಿ ಆರಿಸುವಳು, ಪಾತ್ರೆ ತೊಳೆಯುವಳು. ಅಷ್ಟು ಕೆಲಸ ಮಾಡುವುದನ್ನು ನೋಡಿ ಅವ್ವನಿಗೇ ಹೆದರಿಕೆಯಾಯಿತು. ಅಜ್ಜಿ ಪಕ್ಕಕ್ಕೆ ಕರೆದು, "ಒಂದು ಕತೆ ಹೇಳವ್ವ, ನನಗೆ ಹೊತ್ತೇ ಹೋಗಲ್ದು" ಎಂದರೆ, "ಎಲ್ಲಾ ಮರ್ತೋಗೈತೆ ಅಜ್ಜಿ, ಮಾವ ಮರಿ ಅಂದವ್ನೆ" ಎನ್ನುವಳು. ಕಣ್ಣು ಮಂಜಾದ ಅಜ್ಜಿ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿರುವಳು.

ಅಪ್ಪನಿಗೂ ಅದು ತಟ್ಟಿತ್ತು. ಒಂದು ಸಂಜೆ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದು, "ಏ ಹುಡುಗಿ, ಆ ಕೊಕ್ಕರೆ ಸೀನ್ತಿತ್ತಲ್ಲ, ಹೆಂಗೆ ಸೀನ್ತಿತ್ತು?" ಎಂದ.

"ಗೊತ್ತಿಲ್ಲ ಮಾವ."

ಅಪ್ಪ ತಾನೇ ಒಂದು ಸಲ ಸೀನಿ ತೋರಿಸಿದ. ಯಾರೂ ನಗಲಿಲ್ಲ. ಬಜ್ಜಿ ಆರಿಹೋದವು.

ಶ್ರಾವಣದ ಮೊದಲ ಸೋಮವಾರ ಬೆಳಿಗ್ಗೆ ಅಜ್ಜಿ ಮಾತು ತೆಗೆದಳು. "ಇಸ್ಕೂಲಿನೋರು ಟೀಸಿ ಕೇಳ್ತಾವ್ರಂತೆ. ಜ್ಯೋತಿ ಹೋಗಿ ತರ್ಲಿ. ಕೂಸೂ ಹೋಗ್ಲಿ. ಅಪ್ಪನ ಮುಖ ಒಂದು ಸಲ ನೋಡ್ಕಂಡು ಬರ್ಲಿ."

"ಸಾಧ್ಯಿಲ್ಲ. ಅವನ ಬಾಗ್ಲಿಗೆ ನಮ್ಮನೆ ಹೆಣ್ಮಕ್ಳು?" ಎಂದ ಅಪ್ಪ.

"ಬಾಗ್ಲಿಗೆ ಬ್ಯಾಡ, ಬಸ್‌ಸ್ಟ್ಯಾಂಡಿಗೆ ಬರ್ಲಿ."

"ಏನು ಸಿಗ್ತೈತವ್ವ ಅದರಿಂದ?"

"ಏನು ಸಿಗ್ತೈತೋ ನನಗೂ ಗೊತ್ತಿಲ್ಲ. ಅರ್ಧಕ್ಕೆ ಬಿಟ್ಟು ಬೆನ್ನು ತೋರ್ಸೋದು ಟೀವಿಯೋರು ಮಾಡಿದ್ರು ಅಂತ ಬೈದ್ವಿ. ನಾವು ಮಾಡಿದ್ದೇನು?"

ಅಪ್ಪ ಮಿಲ್ಲಿಗೆ ಹೋದ. ಮಧ್ಯಾಹ್ನ ಊಟಕ್ಕೆ ಬಂದವನು ತಟ್ಟೆ ನೋಡುತ್ತಲೇ, "ಒಬ್ರೇ ಬ್ಯಾಡ. ಇವಳನ್ನೂ ಕರ್ಕಂಡೋಗ್ಲಿ" ಎಂದು ನನ್ನ ಕಡೆ ತೋರಿಸಿದ. ಮೊಳಕಾಲ್ಮೂರಿಗೆ ಫೋನ್ ಮಾಡಿ ಹೇಳಿದವನೂ ಅವನೇ. ಮಿಲ್ಲಿನಿಂದ ಮಾಡಿದನಂತೆ, ಮನೆಯಿಂದ ಅಲ್ಲ.

ಗುರುವಾರ ಹೋದೆವು. ಹಾನಗಲ್ಲಿನ ತಿರುವು ದಾಟಿದರೆ ಬಂಡೆಗಳ ಗುಡ್ಡಗಳು ಶುರುವಾಗುತ್ತವೆ, ಒಂದರ ಮೇಲೊಂದು ಯಾರೋ ಆಟಕ್ಕೆ ಇಟ್ಟು ಮರೆತ ಹಾಗೆ. ಊರೊಳಗೆ ಕಾಲಿಟ್ಟರೆ ಪ್ರತಿ ಗೋಡೆಯ ಹಿಂದೆಯೂ ಮಗ್ಗದ ಸದ್ದು. ವಾಣಿ ಆ ಸದ್ದಿಗೆ ಹೆಜ್ಜೆ ಹಾಕುತ್ತ ನಡೆಯುತ್ತಿದ್ದಳು, ತನಗೇ ಗೊತ್ತಿಲ್ಲದೆ. ಟೀಸಿ ಬೇಗ ಸಿಕ್ಕಿತು. ಬಸ್‌ಸ್ಟ್ಯಾಂಡಿನ ಮುಂದಿನ ಹೋಟೆಲಿನಲ್ಲಿ ಶಶಿಕಾಂತ್ ಮಾವ ಮೊದಲೇ ಬಂದು ಕೂತಿದ್ದ. ಸೊರಗಿದ್ದ. ಅಂಗಿ ಹೊಸದು.

"ಏನ್ ತಿಂತೀಯ ಪುಟ್ಟಿ?"

"ಏನೂ ಬ್ಯಾಡ."

"ದೋಸೆ ಹೇಳ್ತೀನಿ. ಖಾಲಿ ಹೊಟ್ಟೆಯಾಗೆ ಬಸ್ಸಾಗೆ ವಾಂತಿ ಆಗ್ತೈತೆ ನಿನಗೆ."

ದೋಸೆ ಬಂತು. ಅವನೇ ಮುರಿದು, ಚಟ್ನಿಯಲ್ಲಿನ ಮೆಣಸಿನ ಚೂರು ಆರಿಸಿ ತೆಗೆದ. ವಾಣಿ ತಿಂದಳು. ಅತ್ತೆ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಲೋಟದ ನೀರು ನೋಡುತ್ತಿದ್ದೆ.

"ಸೂರತ್ತಿಗೆ ಹೋಗಿದ್ಯಾ ಅಪ್ಪ?"

ಮಾವ ಅತ್ತೆಯನ್ನು ನೋಡಿದ. "ಇಲ್ಲ."

"ಮನೀಗೆ ಬರ್ತೀಯಾ?"

"ಇಲ್ಲ ಪುಟ್ಟಿ." ತಟ್ಟೆಯನ್ನು ಅವಳ ಕಡೆ ಸರಿಸಿ, "ತಪ್ಪು ನಿಂದಲ್ಲ. ನಿಮ್ಮಮ್ಮಂದೂ ಅಲ್ಲ" ಎಂದ.

"ಹಂಗಾದ್ರೆ ಯಾರ್ದು?"

"ನಂದೇ."

ಕಂಡಕ್ಟರ್ ಸೀಟಿ ಊದಿದ. ಮಾವ ನಮ್ಮನ್ನು ಬಸ್ಸಿನ ತನಕ ಬಿಟ್ಟು, ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟು, ಕೆಳಗಿಳಿದು ಪೇಟೆಯ ಕಡೆ ನಡೆಯತೊಡಗಿದ. ವಾಣಿ ಕಿಟಕಿಯ ಸರಳುಗಳ ನಡುವೆ ಮುಖ ತೂರಿಸಿ ಪೂರ್ತಿ ದನಿಯಲ್ಲಿ ಕೂಗಿದಳು: "ಅಪ್ಪಾ!"

ಅವನು ತಿರುಗಿ ನೋಡಿದ. ನಿಂತು ನೋಡಿದ, ಕೈಯೆತ್ತಿದ. ಆಮೇಲೆ ಹೋದ.

ವಾಣಿ ಸೀಟಿಗೆ ಒರಗಿದಳು. ಬಸ್ಸು ಹೊರಟಿತು. ಬಂಡೆಗಳು, ಸೀತಾಫಲದ ಪೊದೆಗಳು, ಕಂಬಳಿ ಹೊದ್ದ ಕುರಿಗಾಹಿಗಳು ಮಧ್ಯಾಹ್ನದ ಬಿಸಿಲಿನಲ್ಲಿ ನಿಧಾನವಾಗಿ ಹಿಂದೆ ತೇಲಿದವು. ನಮ್ಮೆದುರಿನ ಸೀಟಿನಲ್ಲಿ ಮಡಿಲಲ್ಲಿ ಕುರಿಮರಿ ಇಟ್ಟುಕೊಂಡ ಒಬ್ಬ ಹೆಂಗಸು ಹಿಂತಿರುಗಿ ಕೂತಿದ್ದಳು. ಹೆಸರು ಕರಿಯಕ್ಕ, ತಳಕಿನಲ್ಲಿ ಇಳಿಯುವವಳು. ಹತ್ತಿದಾಗಿನಿಂದ ಎಲ್ಲವನ್ನೂ ನೋಡಿದ್ದಳು.

"ಯಾಕೆ ಪಾಪ, ಮಕ ಸಣ್ಣ ಮಾಡ್ಕಂಡಿ? ಮರಿ ಎತ್ಕಂಬ್ತೀಯಾ? ಕಚ್ಚಲ್ಲ ಬಾರಮ್ಮ."

ವಾಣಿ ಮರಿಯನ್ನು ತೆಗೆದುಕೊಂಡಳು. ಅದು ಸೀನಿತು. ಅವಳು ಬೆಚ್ಚಿ ನನ್ನ ಕಡೆ ನೋಡಿದಳು. ತುಟಿಯ ಅಂಚಿನಲ್ಲಿ ಏನೋ ಹಾದುಹೋಯಿತು.

"ಅದು ಅವರಪ್ಪನಾ?" ಎಂದು ಕರಿಯಕ್ಕ ಅತ್ತೆಯನ್ನು ಕೇಳಿದಳು. "ನಿನ್ನ ಗಂಡನಾ? ಬಿಟ್ಟವ್ನಾ?"

ಇಂಥ ಮಾತನ್ನು ನಮ್ಮಲ್ಲಿ ಯಾರೂ ಹೀಗೆ ಕೇಳುವುದಿಲ್ಲ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಹೂಂ" ಎಂದಳು ಅತ್ತೆ.

"ಮೊದ್ಲಿಂದ್ಲೂ ಹಂಗೇ ಇದ್ನಾ, ಆಮ್ಯಾಕೆ ಕೆಟ್ನಾ?"

ಅತ್ತೆ ಕಿಟಕಿಯಾಚೆ ನೋಡಿದಳು. ವಾಣಿಯೂ ಅವಳನ್ನೇ ನೋಡುತ್ತಿದ್ದಳು, ಮರಿಯ ಕಿವಿ ಹಿಡಿದುಕೊಂಡು. ಇಲ್ಲಿ ಅಪ್ಪನ ಪೇಪರು ಇರಲಿಲ್ಲ, ದೀಪವೂ ಇರಲಿಲ್ಲ.

"ಇವಳು ಹುಟ್ಟಿದ ದಿನ" ಎಂದು ಅತ್ತೆ ಶುರುಮಾಡಿದಳು, "ಶಶಿಕಾಂತು ನೂಲಿಗೆ ಬಣ್ಣ ಹಾಕ್ತಿದ್ದ. ಹೆಣ್ಣು ಅಂತ ಸುದ್ದಿ ಹೋಯ್ತು. ಹಂಗೇ ಓಡಿ ಬಂದವ್ನೆ ಆಸ್ಪತ್ರೆಗೆ, ಮೊಣಕೈ ತನಕ ನೇರಳೆ ಬಣ್ಣ. ನರ್ಸಮ್ಮ ಹೌಹಾರಿದ್ಲು. ಈ ಕೈಯಾಗೆ ಕೂಸು ಕೊಡಲ್ಲ ಅಂದ್ಲು. ತೊಳೆದ್ರೆ ಹೋಗ್ತೈತಾ ಅದು? ಸೋಪು ಹಚ್ದ, ಸೀಮೆಎಣ್ಣೆ ಹಚ್ದ, ಕಲ್ಲಿಗೆ ಉಜ್ಜಿದ. ಕೊನೆಗೆ ನರ್ಸಮ್ಮನೇ ಅವನ ಎರಡೂ ಕೈಗೆ ದಿಂಬಿನ ಕವರು ತೊಡಿಸಿ ಕೂಸು ಕೊಟ್ಲು."

ಕರಿಯಕ್ಕ ಕೊಕ್ಕೆಂದು ನಕ್ಕಳು. "ದಿಂಬಿನ ಕವರಾ!"

"ಅಷ್ಟು ಮಾಡಿದ್ರೂ ಇವಳ ಕಿವಿಗೆ ಬಣ್ಣ ಹತ್ತೇ ಹತ್ತಿತ್ತು. ಹೆಸರಿಡೋ ದಿನದ ತನಕ ಹೋಗ್ಲಿಲ್ಲ. ಬಂದ ನೆಂಟ್ರೆಲ್ಲ, ಕೂಸಿಗೆ ಮಚ್ಚೆ ಐತೆ, ರಾಜಯೋಗ ಅಂದ್ರು. ಇವನು ಮೂಲೆಯಾಗೆ ಕೂತ್ಕಂಡು ಬಾಯಿಗೆ ಟವಲ್ ತುರುಕ್ಕಂಡು ನಗ್ತಾವ್ನೆ."

ವಾಣಿ ತನ್ನ ಕಿವಿ ಮುಟ್ಟಿಕೊಂಡಳು. "ಯಾವ ಕಿವಿ?"

"ಎಡದ್ದು. ನಿನಗ್ಯಾವತ್ತೂ ಹೇಳಿಲ್ವಾ ನಾನು?"

"ಇಲ್ಲ."

ಅತ್ತೆ ನಗುತ್ತಿದ್ದಳು, ಕಣ್ಣಿಂದ ನೀರೂ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕರಿಯಕ್ಕ ಸೆರಗಿನಲ್ಲಿ ಮೂಗು ಒರೆಸಿ ಕಿಟಕಿಯಾಚೆ ನೋಡಿದವಳು ಚಿಟ್ಟನೆ ಚೀರಿದಳು: "ಅಯ್ಯಯ್ಯೋ ದೇವುಡಾ! ತಳಕು ಹಿಂದಕ್ಕೆ ಹೋತಲ್ಲಪ್ಪೋ! ನಿಲ್ಸ್ರೋ!"

"ಎಷ್ಟು ಸಲ ಕೂಗ್ದೆ, ತಳಕು ತಳಕು ಅಂತ!" ಎಂದು ಕಂಡಕ್ಟರ್ ಬೈದ. "ಕಿವಿ ಮನ್ಯಾಗಿಟ್ಟು ಬಂದೀಯಾ?"

"ನೀನು ಕೂಗಿದ್ದು ಯಾವನಿಗೆ ಬೇಕಾಗಿತ್ತೋ ಆಗ!" ಎನ್ನುತ್ತ ಕರಿಯಕ್ಕ ಮರಿಯನ್ನು ವಾಣಿಯ ಮಡಿಲಿಂದ ಕಿತ್ತುಕೊಂಡು ಬಾಗಿಲಿಗೆ ಓಡಿದಳು. ಬಸ್ಸು ನಿಂತಿತು. ಕೆಳಗಿಳಿದು ಕಿಟಕಿಯ ಹತ್ತಿರ ಬಂದು, ತಲೆಯೆತ್ತಿ ಅತ್ತೆಗೆ, "ಟವಲ್ ತುರುಕ್ಕಂಡಿದ್ನಾ! ಆಹಾ" ಎಂದು ಇನ್ನೊಮ್ಮೆ ನಕ್ಕು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದಳು. ಕೆಂಪು ರಸ್ತೆಯ ಮೇಲೆ ಅವಳ ಹೆಗಲ ಕಂಬಳಿ ಗಾಳಿಗೆ ಉಬ್ಬುತ್ತ ಸಣ್ಣದಾಯಿತು.

ಬಸ್ಸು ಮತ್ತೆ ಹೊರಟಾಗ ವಾಣಿ ನನ್ನನ್ನು ದಾಟಿ ಅಮ್ಮನ ಪಕ್ಕಕ್ಕೆ ಸರಿದು ಕೂತಳು.

"ಅಮ್ಮ, ಇನ್ನೊಂದು ಹೇಳು."

"ಯಾರ್ದು?"

"ಅಪ್ಪಂದೇ."

ಚಳ್ಳಕೆರೆ ಇನ್ನೂ ದೂರವಿತ್ತು. ಅತ್ತೆ ಮಗಳ ಕೂದಲಿನಿಂದ ಧೂಳು ಕೊಡವಿ, ಯಾವುದರಿಂದ ಶುರುಮಾಡಲಿ ಎಂದು ಯೋಚಿಸುತ್ತ ಕೂತಳು.